ವಿಭೂತಿ ಹಚ್ಚಿದ ಗೇರ್ ಬಾಕ್ಸ್

ಮೊದಲೇ ಹೇಳಿಬಿಡ್ತೀನಿ, ಆ ಗೇರ್ ಬಾಕ್ಸ್ ಕೆಡಿಸಿದ್ದು ನಾನೇ. ನಮ್ಮವ್ವ ಅಲ್ಲ, ನಮ್ಮಣ್ಣ ಅಲ್ಲ, ಗ್ರಹಚಾರವೂ ಅಲ್ಲ. ನಮ್ಮ ಬೀದಿ ಜನ ಇವತ್ತಿಗೂ ಆ ಕತೆ ಎತ್ತಿದರೆ "ಪಾಪ, ಅವನಿಗೇನು ಗೊತ್ತಿತ್ತು" ಅಂತಲೇ ಶುರು ಮಾಡ್ತಾರೆ. ಆ ಪಾಪ ಅನ್ನೋ ಮಾತು ಕೇಳಿದರೆ ನನಗೆ ಈಗಲೂ ಮೈ ಉರೀತೈತೆ. ಒಂದು ಸಲ ಪೂರ್ತಿ ಕೆಡಿಸಿದೆ, ಎರಡನೇ ಸಲ ಅರ್ಧ ಕೆಡಿಸಿದೆ. ಎಲ್ಲ ನನ್ನ ಕೈಯಾರೆ ಮಾಡಿದ್ದು. ಅದನ್ನ ಗ್ರಹಚಾರದ ತಲೆಗೆ ಕಟ್ಟೋ ಕೆಲಸ ಯಾರೂ ಮಾಡಬೇಕಾಗಿಲ್ಲ.

ನಾಲ್ಕು ವರ್ಷದವನಿದ್ದಾಗ ಬಂದ ಜ್ವರದಲ್ಲಿ ನನ್ನ ಎಡಗಾಲು ಸೊರಗಿಹೋಯ್ತು. ಅದರ ಹೆಸರು ಪೋಲಿಯೋ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬಲಗಾಲು ಗಟ್ಟಿ, ಕೈ ಇನ್ನೂ ಗಟ್ಟಿ. ಎಡಗೈಯಲ್ಲಿ ಒಂದು ಕೋಲು ಹಿಡ್ಕೊಂಡರೆ ನನ್ನ ಓಡಾಟಕ್ಕೆ ಯಾರ ಹಂಗೂ ಬೇಡ. ಚನ್ನಗಿರಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬಾವಿ ಮೇಲಿನ ಪಂಪ್‌ಸೆಟ್ ಸುಟ್ಟುಹೋದರೆ ಹಳೇ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡೋ ಕೆಲಸ. ಬೇರೆ ಅಂಗಡಿಯವರು ರೈತರು ಮೋಟಾರ್ ಹೊತ್ತು ತರಲಿ ಅಂತ ಕಾಯ್ತಿದ್ದರು. ನಾನು ಹಂಗಲ್ಲ. ಗೋವಿನಕೋವಿಯೋ ಸಾಸ್ವೆಹಳ್ಳಿಯೋ, ಬಾವಿ ಇದ್ದ ಜಾಗಕ್ಕೇ ಹೋಗಿ, ಸುಟ್ಟಿದ್ದು ಮೋಟಾರೋ ಇಲ್ಲಾ ಸ್ಟಾರ್ಟರೋ ಅಂತ ನೋಡಿ ಹೇಳ್ತಿದ್ದೆ. ಅದಕ್ಕೇ ಜನ ನನ್ನ ಹುಡುಕ್ಕೊಂಡು ಬರ್ತಿದ್ದರು.

ಹೋಗೋದು ಹೆಂಗೆ ಅನ್ನೋದೇ ಮೊದಮೊದಲು ಕಷ್ಟ. ಬಸ್ಸಿನ ಬಾಗಿಲಿಗೆ ಕೈ ಹಾಕಿದೆ ಅಂದರೆ ಕಂಡಕ್ಟರ್ ಇಡೀ ಬಸ್ಸಿಗೆ ಕೇಳೋ ಹಂಗೆ "ಯಾರಾದ್ರೂ ಜಾಗ ಬಿಡ್ರಪ್ಪೋ, ಕಾಲಿಲ್ಲದೋರು ಬಂದಾರೆ" ಅಂತ ಕೂಗ್ತಿದ್ದ. ಒಳ್ಳೇ ಮನಸ್ಸಿಂದಲೇ ಕೂಗ್ತಿದ್ದ, ಅದೇ ದೊಡ್ಡ ತಲೆನೋವು. ಇಬ್ಬರು ಬಂದು ಕಂಕುಳಿಗೆ ಕೈ ಹಾಕಿ ಎತ್ತೋರು. ಇಳಿಯೋವಾಗ ಇನ್ನಿಬ್ಬರು. ಅಲ್ಲ ರೀ, ನಾನೇನು ಅಕ್ಕಿ ಮೂಟೆಯಾ? ಬೇಡ ಬಿಡ್ರಿ ಅಂದರೆ "ಸಂಕೋಚ ಮಾಡ್ಕೋಬೇಡಿ" ಅನ್ನೋರು. ನನಗಿದ್ದದ್ದು ಸಂಕೋಚ ಅಲ್ಲ, ಸಿಟ್ಟು.

ಅಪ್ಪ ಇದನ್ನೆಲ್ಲ ನೋಡ್ತಿದ್ದರು. ಎಪ್ಪತ್ತರ ಆಸುಪಾಸು ಅಡಿಕೆ ಮಂಡಿಯಲ್ಲಿ ಯಾರೋ ತಮಾಷೆಗೆ ಒಂದು ಸುದ್ದಿ ಹೇಳಿದರಂತೆ. ಘಟ್ಟದ ಕಡೆ ಒಬ್ಬ ತೋಟದ ಮಾಲೀಕರು ಅಮೆರಿಕಾದ ಹಳೇ ಕಾರು ಮಾರ್ತಾರಂತೆ, ಅದಕ್ಕೆ ಕ್ಲಚ್ಚೇ ಇಲ್ಲವಂತೆ, ಗೇರು ತನ್ನಷ್ಟಕ್ಕೆ ತಾನೇ ಬೀಳ್ತೈತಂತೆ, ಅಂಥದ್ದನ್ನ ಯಾವ ಪುಣ್ಯಾತ್ಮ ತಗೊಂಡಾನು ಅಂತ. ಎಲ್ಲರೂ ನಕ್ಕರು, ಅಪ್ಪ ಒಬ್ಬರೇ ನಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಮಾತು ಮುಗಿಸಿಕೊಂಡು ಬಂದರು.

ಕಾರು ಅಂದರೆ ಕಾರಲ್ಲ ಅದು, ಮದುವೆ ಚಪ್ಪರ. ಒಳಗೆ ಎಂಟು ಜನ ಕೂತರೂ ಇನ್ನೂ ಜಾಗ ಇರ್ತಿತ್ತು. ಕಾಲ ಹತ್ತಿರ ಎರಡೇ ಪೆಡಲ್ಲು: ಒಂದು ಬ್ರೇಕು, ಒಂದು ಎಕ್ಸಲೇಟರ್. ಸ್ಟೇರಿಂಗ್ ಪಕ್ಕದ ಕಡ್ಡಿಯನ್ನ ಡಿ ಅನ್ನೋ ಅಕ್ಷರಕ್ಕೆ ತಂದರೆ ಮುಂದಕ್ಕೆ, ಆರ್ ಅನ್ನೋ ಅಕ್ಷರಕ್ಕೆ ತಂದರೆ ಹಿಂದಕ್ಕೆ. ಬಲಗಾಲು ಒಂದಿದ್ದರೆ ಸಾಕು. ನಾನು ಅದನ್ನ ಮೊದಲ ಸಲ ಒಬ್ಬನೇ ನ್ಯಾಮತಿ ತನಕ ಓಡಿಸಿಕೊಂಡು ಹೋಗಿ, ಸಂತೆ ಬೀದಿಯಲ್ಲಿ ಒಂದು ಟೀ ಕುಡಿದು ವಾಪಸ್ ಬಂದ ದಿನ ಅಪ್ಪ ಜಗಲಿ ಮೇಲೆ ಕೂತಿದ್ದರು. "ಪೆಟ್ರೋಲ್ ಭಾಳ ಕುಡಿತೈತೇನೋ?" ಅಂತ ಕೇಳಿದರು. ಕುಡಿತೈತೆ ಅಂದೆ. "ಕುಡಿಲಿ ಬಿಡು" ಅಂದರು. ಅಪ್ಪ ಮುಂದಿನ ವರ್ಷ ತೀರಿಕೊಂಡರು.

ಎಂಟು ವರ್ಷ ಆ ಕಾರು ನನ್ನ ಕಾಲಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಸಾಸ್ವೆಹಳ್ಳಿ ದಾಟಿ ಹೊನ್ನಾಳಿ ಕಡೆ ಹೋಗ್ತಿದ್ದಾಗ ಇಂಜಿನ್ ಒಮ್ಮೆಲೇ ಬೊಬ್ಬೆ ಹಾಕಿತು. ಕಾರು ಮಾತ್ರ ಜಪ್ಪಯ್ಯ ಅಂದರೂ ಮುಂದಕ್ಕೆ ಹೋಗಲಿಲ್ಲ. ಒಗ್ಗರಣೆ ಸೀದ ವಾಸನೆ ಬಂತು. ಯಾರದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮನೆ ತನಕ ಎಳೆಸಿಕೊಂಡು ಬಂದೆ.

ದಾವಣಗೆರೆಯಿಂದ ಒಬ್ಬ ಲಾರಿ ಮೇಸ್ತ್ರಿಯನ್ನ ಅಣ್ಣ ಕರೆಸಿದ. ಅವನು ಕಾರಿನ ಕೆಳಗೆ ತಲೆ ಹಾಕಿದ, ಹೊರಗೆ ತೆಗೆದ, ಕೈ ಒರೆಸಿಕೊಂಡ. "ಇದನ್ನ ಕಿತ್ತಾಕ್ರಿ. ಜೀಪಿಂದು ಗೇರ್ ಬಾಕ್ಸ್ ಕೂರಿಸಿ, ಕ್ಲಚ್ಚು ಹಾಕಿ ಕೊಡ್ತೀನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಓಡ್ತೈತೆ" ಅಂದ. ಅಣ್ಣ ಅವನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳಿದ. ಮೇಸ್ತ್ರಿ ನನ್ನ ಕಾಲು ನೋಡಿದ. "ಛೆ ಛೆ ಛೆ" ಅಂದ. "ಹಂಗಾದ್ರೆ ಒಬ್ಬ ಡ್ರೈವರ್ ಇಟ್ಕಳ್ರಿ, ಮುಗೀತಲ್ಲ."

ಅಣ್ಣನಿಗೂ ಆ ಮಾತು ಸರಿ ಕಂಡಿತು. ನಮ್ಮಣ್ಣ ಕೆಟ್ಟೋನಲ್ಲ. ಕೆಟ್ಟೋನಾಗಿದ್ದರೆ ಎಷ್ಟು ಚೆನ್ನಾಗಿರ್ತಿತ್ತು, ಒಂದು ಜಗಳ ಆಡಿ ಕೈ ತೊಳ್ಕೊಳ್ತಿದ್ದೆ. ಅವನು ನನ್ನ ಬೆನ್ನ ಮೇಲೆ ಕೈ ಇಟ್ಟು, "ಯಾಕಪ್ಪ ನಿಂಗೆ ಈ ಒದ್ದಾಟ? ದೀಪಾವಳಿ ಕಳೀಲಿ, ಜೀಪಿಂದು ಹಾಕ್ಸೋಣ. ಒಳ್ಳೆ ಡ್ರೈವರ್ ನೋಡ್ತೀನಿ. ನೀನು ಹಿಂದಿನ ಸೀಟಲ್ಲಿ ಆರಾಮಾಗಿ ಕೂತ್ಕೊಂಡು ಹೋಗು" ಅಂದ. ಹಿಂದಿನ ಸೀಟು. ಅಷ್ಟೇ ಸಾಕಾಯ್ತು ನನಗೆ. ಬಾಗಿಲು ಯಾರೋ ತೆಗೀಬೇಕು, ಎಲ್ಲಿಗೆ ಅಂತ ಯಾರಿಗೋ ಹೇಳಬೇಕು, ಅವನು ಊಟ ಮುಗಿಸಿ ಬರೋ ತನಕ ಕಾಯಬೇಕು. ಮತ್ತೆ ಮೂಟೆ. ಮೆತ್ತನೆ ಸೀಟಿನ ಮೇಲಿನ ಮೂಟೆ, ಅಷ್ಟೇ ವ್ಯತ್ಯಾಸ.

"ದೀಪಾವಳಿ ತನಕ ಟೈಮ್ ಐತಲ್ಲ. ಅಷ್ಟರೊಳಗೆ ನಾನೇ ಬಿಚ್ಚಿ ಕೂರಿಸ್ತೀನಿ" ಅಂದೆ.

"ಅದು ಪಂಪ್‌ಸೆಟ್ ಅಲ್ಲ ಮಾರಾಯ."

"ಪಂಪ್‌ಸೆಟ್ಟನ್ನ ಬಿಚ್ಚಾಕೆ ನಂಗೆ ಹೊಟ್ಟೆಯಿಂದ ಬರೋವಾಗ ಯಾರು ಕಲಿಸಿದ್ರು?"

ದೀಪಾವಳಿ ತನಕ ಅಂತ ಮಾತಾಯ್ತು.

ಬಾವಿಯಿಂದ ಪಂಪ್ ಎತ್ತಾಕೆ ನನ್ನ ಹತ್ತಿರ ಮೂರು ಕಂಬದ ತಿಕಟಿ, ಚೈನ್ ಪುಲ್ಲಿ ಇದ್ದವು. ಮನೆ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಗುಂಡಿ ತೋಡಿಸಿ, ಕಾರನ್ನ ಬೀದಿ ಕಡೆ ಮುಖ ಮಾಡಿ ಅದರ ಮೇಲೆ ನಿಲ್ಲಿಸಿ, ಗೇರ್ ಬಾಕ್ಸನ್ನ ಇಳಿಸಿದೆ. ಎಮ್ಮೆ ಕರುವಿನಷ್ಟು ತೂಕ. ನಡುಮನೆಯಲ್ಲಿ ಗೋಣಿ ತಾಟು ಹಾಸಿ, ಬಿಚ್ಚಿದ ಒಂದೊಂದು ಸಾಮಾನನ್ನೂ ಬಿಚ್ಚಿದ ಸಾಲಿನಲ್ಲೇ ಇಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದೆ. ಅವ್ವ ಹದಿನೈದು ದಿನ ಗೋಡೆಗೆ ಆತುಕೊಂಡು ಅಡ್ಡಡ್ಡ ನಡೆದು ಅಡುಗೆ ಮನೆಗೆ ಹೋದಳು.

ಒಳಗೆ ನೋಡಿದರೆ ನನಗೆ ನಗು ಬಂತು. ಇದೇನು ಮಹಾ! ಎಣ್ಣೆ ತಳ್ಳೋ ಒಂದು ಪಂಪು. ಆ ಎಣ್ಣೆ ಓಡಾಡಾಕೆ ಅಲ್ಯೂಮಿನಿಯಂ ಹಲಗೆಯಲ್ಲಿ ಕೊರೆದ ಸಣ್ಣ ಸಣ್ಣ ಕಾಲುವೆ, ಆ ಕಾಲುವೆಗೆ ಬೆರಳು ಗಾತ್ರದ ತೂಬು. ತೂಬು ತೆಗೆದ ಕಡೆ ಎಣ್ಣೆ ಹೋಗಿ ಒಂದಿಷ್ಟು ಪ್ಲೇಟುಗಳನ್ನ ಒತ್ತಿ ಹಿಡೀತೈತೆ, ಹಿಡಿದರೆ ಗಾಲಿ ತಿರುಗ್ತೈತೆ. ಭದ್ರಾ ನಾಲೆ ನೀರು ನೋಡಿ ಬೆಳೆದೋರಿಗೆ ಇದು ಅರ್ಥ ಆಗದ ವಿಷಯವೇ? ಕೆಟ್ಟಿದ್ದು ರಬ್ಬರಿನ ಸೀಲುಗಳು. ಒಣಗಿ ಚಕ್ಕುಲಿಯಾಗಿದ್ದವು, ಎಣ್ಣೆ ಸೋರಿಹೋಗಿ ಪ್ಲೇಟು ಜಾರ್ತಿದ್ದವು. ಪ್ಲೇಟು ಅಂದರೆ ಕಬ್ಬಿಣದ ಬಿಲ್ಲೆ, ಎರಡೂ ಮಗ್ಗುಲಿಗೆ ದಪ್ಪ ರಟ್ಟಿನಂಥ ಪದರ. ಅಲ್ಲಲ್ಲಿ ಕಪ್ಪಾಗಿದ್ದವು, ಅಷ್ಟೇ. ಚೆನ್ನಾಗೇ ಇದ್ದವು, ನಾನು ಕೈ ಹಾಕೋ ತನಕ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಅಳತೆ ಹಿಡಿದು ಸೀಲು ಹುಡುಕಿ ತಂದೆ. ಕೂರಿಸೋದೊಂದೇ ಬಾಕಿ.

ಅಷ್ಟರಲ್ಲಿ ಆಯುಧ ಪೂಜೆ ಬಂತು.

ನಮ್ಮ ಮನೆಯಲ್ಲಿ ಆಯುಧ ಪೂಜೆ ಅಂದರೆ ಕುಡಗೋಲಿನಿಂದ ಹಿಡಿದು ಹೊಲಿಗೆ ಮೆಷಿನ್ ತನಕ ಕಬ್ಬಿಣ ಅನ್ನೋದೆಲ್ಲ ಅವತ್ತು ತೊಳಿಸಿಕೊಂಡು ವಿಭೂತಿ ಹಚ್ಚಿಸಿಕೊಳ್ಳಬೇಕು. ಈಳಿಗೆ ಮಣೆಯನ್ನೂ ಬಿಡಂಗಿಲ್ಲ. ಅವ್ವ ಬಾಗಿಲಲ್ಲಿ ನಿಂತು, "ಇವನ್ನ ಹಂಗೇ ಬಿಡ್ತೀಯೇನಪ್ಪ? ನಿನ್ನ ಹೊತ್ತು ತಿರುಗಿದ ಸಾಮಾನು" ಅಂದಳು. ಅವಳು ಅಂದದ್ದು ಅಷ್ಟೇ. ಮೇಲೊಂದು ಹೂವು ಇಟ್ಟು ಕೈ ಮುಗಿದಿದ್ದರೂ ಅವಳಿಗೆ ತೃಪ್ತಿ ಆಗ್ತಿತ್ತು. ನನಗೆ ಆಗಬೇಕಲ್ಲ! ಸಂಜೆ ಅಣ್ಣ ಬರ್ತಾನೆ, ಬೀದಿ ಜನ ಬರ್ತಾರೆ, ನಾನು ಎಂಥಾ ಕೆಲಸ ಮಾಡಿದೀನಿ ಅಂತ ನೋಡಲಿ, ಪ್ರತಿಯೊಂದೂ ಫಳಫಳ ಹೊಳೀಲಿ ಅಂತ ನನಗೆ ಹುಮ್ಮಸ್ಸು ಬಂತು.

ಬಾವಿ ಕಟ್ಟೆ ಮೇಲೆ ಕೂತು ಹುಣಸೆಹಣ್ಣು ಕಿವುಚಿ, ಎಲ್ಲವನ್ನೂ ತಿಕ್ಕಿದೆ. ಪ್ಲೇಟುಗಳ ಎಣ್ಣೆ ಜಿಡ್ಡು ಹೋಗಲಿಲ್ಲ ಅಂತ ಬಿಸಿನೀರಿನ ಹಂಡೆಯಲ್ಲಿ ಅದ್ದಿ ಇಟ್ಟೆ. ಸೀಗೆಪುಡಿ ಹಾಕಿ ಇನ್ನೊಂದು ಸಲ. ಬಿಸಿಲಲ್ಲಿ ಹರವಿದೆ. ಆಮೇಲೆ ನಡುಮನೆಯಲ್ಲಿ ಸಾಲಾಗಿ ಜೋಡಿಸಿ, ವಿಭೂತಿ ಗಟ್ಟಿಯನ್ನ ನೀರಲ್ಲಿ ತೇಯ್ದು, ಒಂದೊಂದು ಪ್ಲೇಟಿಗೂ ಮೂರು ಬೆರಳಿನ ಪಟ್ಟೆ ಎಳೆದೆ. ಆ ಕಾಲುವೆ ಕೊರೆದ ಹಲಗೆಗೆ ಅಡ್ಡಡ್ಡ, ಉದ್ದಕ್ಕೂ. ಪಂಪಿಗೆ. ಹಲ್ಲಿನ ಚಕ್ರಗಳಿಗೆ. ಕುಂಕುಮ, ಚೆಂಡುಹೂವು, ನಿಂಬೆಹಣ್ಣು. ಸಂಜೆ ಬೀದಿಗೆ ಬೀದಿಯೇ ಬಂದು ನೋಡಿ ಹೋಯ್ತು. ಒಬ್ಬಾಕೆ ಮಂಡಕ್ಕಿ ತಿನ್ನುತ್ತಾ "ಇಷ್ಟೊಂದು ಸಾಮಾನು ಒಳಗಿತ್ತಾ!" ಅಂತ ಬಾಯಿ ಮೇಲೆ ಕೈ ಇಟ್ಟಳು. ಅಣ್ಣನೂ ಕೈ ಮುಗಿದ. ನಾನು ಎದೆ ಉಬ್ಬಿಸಿಕೊಂಡು ಕೂತಿದ್ದೆ.

ನೀರು ಕುಡಿದ ಪ್ಲೇಟಿನ ರಟ್ಟು ಒಳಗಿಂದ ಬಿಟ್ಟುಕೊಂಡಿದ್ದು ನನಗೆ ಗೊತ್ತಾಗಲಿಲ್ಲ. ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ವಿಭೂತಿ ಒರೆಸಿದೆ, ಕಣ್ಣಿಗೆ ಕಾಣೋದು ಹೋಯ್ತು, ಕಾಲುವೆಗಳ ಮೂಲೆಯಲ್ಲಿ ಕೂತಿದ್ದು ಅಲ್ಲೇ ಕೂತಿತ್ತು. ಆ ಬಟ್ಟೆಯ ನೂಲೂ ಸೇರಿಕೊಂಡಿತ್ತು. ಸಾಲದ್ದಕ್ಕೆ, ಆ ಗೇರ್ ಬಾಕ್ಸಿಗೆ ಬೇಕಾದ ತೆಳ್ಳನೆ ಎಣ್ಣೆ ಸಿಗಲಿಲ್ಲ ಅಂತ ಲಾರಿ ಗೇರಿಗೆ ಹಾಕೋ ಪಾಕದಂಥ ಎಣ್ಣೆ ಸುರಿದೆ. ಎಣ್ಣೆ ಎಣ್ಣೆಯೇ ಅಲ್ಲವಾ ಅಂತ.

ಐದು ದಿನ ಹಿಡಿದು ಕೂರಿಸಿ, ಬೀದಿ ಜನರ ಮುಂದೆ ಸ್ಟಾರ್ಟ್ ಮಾಡಿದೆ. ಕಡ್ಡಿ ಡಿ ಅಕ್ಷರಕ್ಕೆ ಎಳೆದೆ. ಕಾರು ಒಂದು ಸಲ ಮುಂದಕ್ಕೆ ಜಿಗಿಯಿತು. ಎಂಟು ಅಡಿ ಹೋಗಿರಬೇಕು. ಒಳಗಿಂದ ಯಾರೋ ಹಪ್ಪಳ ಮುರಿದಂಗೆ ಸದ್ದು ಬಂತು, ಆಮೇಲೆ ಎಷ್ಟು ಒತ್ತಿದರೂ ಬರೀ ಇಂಜಿನ್ ಕೂಗಾಟ. ಯಾರೂ ನಗಲಿಲ್ಲ. ನಕ್ಕಿದ್ದರೆ ತಡ್ಕೊಳ್ತಿದ್ದೆ. ಎಲ್ಲರೂ ಸದ್ದಿಲ್ಲದೆ ಒಬ್ಬೊಬ್ಬರೇ ಹೋದರು. ಅಣ್ಣ ಬಾಗಿಲು ತೆಗೆದು, "ಸಾಕು ಬಿಡಪ್ಪ, ಪ್ರಯತ್ನ ಮಾಡಿದೆಯಲ್ಲ" ಅಂದ. ಆ ಮಾತಿಗೆ ನಾನು ಅವನಿಗೆ ಆಡಬಾರದ್ದೆಲ್ಲ ಆಡಿದೆ. ಅವ್ವ ಒಳಗಿನಿಂದ ಬಂದು ಬಾಯಿ ಮುಚ್ಚು ಅನ್ನೋ ತನಕ ಆಡಿದೆ.

ಮತ್ತೆ ಇಳಿಸಿದೆ, ಮತ್ತೆ ಬಿಚ್ಚಿದೆ. ಪ್ಲೇಟಿನ ರಟ್ಟೆಲ್ಲ ಸುಲಿದು ತಳದಲ್ಲಿ ಅಂಬಲಿಯಾಗಿತ್ತು. ನಾಲ್ಕು ಪ್ಲೇಟು, ಆ ಕಾಲುವೆ ಹಲಗೆ, ಎರಡನ್ನೂ ಗೋಣಿಚೀಲಕ್ಕೆ ಹಾಕ್ಕೊಂಡು ಜಗಳೂರಿನ ಬಸ್ಸು ಹತ್ತಿದೆ. ಜಗಳೂರಲ್ಲಿ ಒಬ್ಬ ವಯಸ್ಸಾದ ಸಾಬರು ಇದ್ದಾರೆ, ಬೊಂಬಾಯಲ್ಲಿ ಮೂವತ್ತು ವರ್ಷ ಇಂಥವೇ ಕಾರು ಓಡಿಸಿ ರಿಪೇರಿ ಮಾಡಿ ಬಂದೋರು ಅಂತ ಒಬ್ಬ ಲಾರಿ ಡ್ರೈವರ್ ಹೇಳಿದ್ದ. ಬಸ್ಸಲ್ಲಿ ಅದೇ ಹಾಡು: ಜಾಗ ಬಿಡ್ರಪ್ಪೋ. ಎರಡು ಬಸ್ಸು, ಹತ್ತೋವಾಗ ಇಳಿಯೋವಾಗ ಸೇರಿ ನಾಲ್ಕು ಸಲ ಎತ್ತಿಸಿಕೊಂಡೆ. ಹಲ್ಲು ಕಚ್ಚಿಕೊಂಡು ಹೋದೆ.

ಸಾಬರು ಮನೆ ಮುಂದೆ ಬೇವಿನ ನೆರಳಲ್ಲಿ ಚಾಪೆ ಮೇಲೆ ಕೂತಿದ್ದರು. ಪ್ಲೇಟು ಕೈಗೆ ತಗೊಂಡು ಮೂಸಿದರು, ಉಗುರಲ್ಲಿ ಕೆರೆದರು.

"ಇದಕ್ಕೆ ನೀರು ಕುಡಿಸಿದ್ರೇನ್ರಿ?"

"ತೊಳೆದೆ."

"ಎಂಗೆ ತೊಳೆದ್ರಿ?"

"ಹುಣಸೆಹಣ್ಣು, ಸೀಗೆಪುಡಿ. ಬಿಸಿನೀರು."

ಅವರು ಪ್ಲೇಟನ್ನ ಚಾಪೆ ಮೇಲೆ ಇಟ್ಟರು. ಆಮೇಲೆ ಕಾಲುವೆ ಹಲಗೆ ಎತ್ತಿ ಬಿಸಿಲಿಗೆ ಹಿಡಿದು, ಕಡ್ಡಿಯಲ್ಲಿ ಒಂದು ಮೂಲೆ ಕೆದಕಿದರು. ಬೆಳ್ಳಗೆ ಬಂತು. "ಇದೇನ್ರಿ ಇದು, ಸುಣ್ಣಾನಾ?" ಅಂದರು. ವಿಭೂತಿ ಅಂದೆ. ಆಯುಧ ಪೂಜೆ ಮಾಡಿದ್ದನ್ನ ಪೂರ್ತಿ ಹೇಳಿದೆ, ಮುಚ್ಚಿಡಲಿಲ್ಲ. ಸಾಬರು ಹೊಟ್ಟೆ ಹಿಡ್ಕೊಂಡು ನಕ್ಕರು. ಅಪ್ಪಟ ನಗು, ಕಣ್ಣಲ್ಲಿ ನೀರು ಬರೋ ಹಂಗೆ. ಪಾಪ ಅನ್ನಲಿಲ್ಲ. ನನಗೂ ನಗು ಬಂತು. ಆ ಮನುಷ್ಯನ ಮೇಲೆ ನನಗೆ ಅಲ್ಲೇ ಪ್ರೀತಿ ಹುಟ್ಟಿತು.

"ದೇವರಿಗೆ ಬೇಡ ಅನ್ನಬಾರ್ದು ರೀ. ಆದ್ರೆ ಪೂಜೆ ಮುಚ್ಚಳದ ಮೇಲೆ ಮಾಡ್ರಿ, ಒಳಗೆ ಎಣ್ಣೆ ಬಿಟ್ರೆ ಇನ್ನೇನೂ ಹೋಗಬಾರ್ದು" ಅಂದರು. ನೀರು ಮುಟ್ಟಿಸಬೇಡಿ, ಸೀಮೆಎಣ್ಣೆಯಲ್ಲಿ ತೊಳೀರಿ. ಬಟ್ಟೆಯಲ್ಲಿ ಒರೆಸಬೇಡಿ, ಸೈಕಲ್ ಪಂಪಿನ ಗಾಳಿಯಲ್ಲಿ ಒಣಗಿಸಿ. ಪ್ಲೇಟಿಗೆ ಬುಲೆಟ್ ಮೋಟಾರ್‌ಸೈಕಲ್ಲಿನ ಕ್ಲಚ್ ಪ್ಲೇಟಿಗೆ ಹಾಕ್ತಾರಲ್ಲ ಕಾರ್ಕು, ಅದನ್ನ ಕೂರಿಸಿ, ಒಂದು ಇಡೀ ದಿನ ಎಣ್ಣೆಯಲ್ಲಿ ನೆನೆಹಾಕಿ. ಎಣ್ಣೆ ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿಗೆ ಹಾಕೋ ತೆಳ್ಳಂದು. ಇಷ್ಟು ಹೇಳಿ, ಊಟ ಹಾಕಿಸಿ, ಹೊರಡೋವಾಗ ಅಂದರು: "ನಾನೇ ಬರ್ತೀನಿ ಬಿಡ್ರಿ, ಎರಡು ದಿನದ ಕೆಲಸ. ಕೂರಿಸೋವಾಗ ನೋಡೋನು ಒಬ್ಬ ಇದ್ರೆ ಒಳ್ಳೇದು."

ಬೇಡ ಅಂದೆ. ನಾನೇ ಮಾಡ್ತೀನಿ ಅಂದೆ. ಅದೂ ನನ್ನ ತಪ್ಪೇ, ಲೆಕ್ಕಕ್ಕೆ ಸೇರಿಸಿಕೊಳ್ರಿ. ಅವರು ಬಂದಿದ್ದರೆ ಮುಂದಿನ ಅವಾಂತರ ಆಗ್ತಿರಲಿಲ್ಲ. ಆದರೆ ಇವತ್ತು ಆ ಬೇವಿನ ನೆರಳಲ್ಲಿ ನನ್ನ ಮತ್ತೆ ನಿಲ್ಲಿಸಿ ಕೇಳಿದರೂ ನಾನು ಬೇಡ ಅಂತಲೇ ಹೇಳ್ತೀನಿ. ನನ್ನ ಕಾಲನ್ನ ಇನ್ನೊಬ್ಬರು ಕಟ್ಟಿಕೊಟ್ಟರೆ ಅದು ನನ್ನದು ಹೆಂಗಾಯ್ತು?

ಎರಡನೇ ಸಲ ಎಲ್ಲ ಹೇಳಿದಂಗೇ ಮಾಡಿದೆ. ಅವ್ವ ಹತ್ತಿರ ಬಂದರೆ ಅವಳ ಸೆರಗಿನ ನೂಲು ಬಿದ್ದೀತು ಅಂತ ಆಚೆ ಕಳಿಸಿದೆ. ನಾಲ್ಕನೇ ದಿನ ಒಂದು ದೊಡ್ಡ ಸೀಲು ಕೂರಿಸಬೇಕಾಗಿ ಬಂತು. ಬಟ್ಟಲಿನಂಥದ್ದು, ಒಂದು ಕಡೆ ಬಾಯಿ. ನನಗೆ ಗೊತ್ತಿಲ್ಲದ್ದೇ ಇದು? ಕೈಪಂಪಿನ ಚರ್ಮದ ವಾಷರ್ ಎಷ್ಟು ಸಾವಿರ ಹಾಕಿಲ್ಲ ನಾನು? ಬಾಯಿ ಯಾವಾಗಲೂ ಮೇಲಕ್ಕೆ ಇರಬೇಕು, ಇಲ್ಲದಿದ್ದರೆ ನೀರು ಎತ್ತಲ್ಲ. ಯೋಚನೆಯೇ ಮಾಡದೆ ಬಾಯಿ ಮೇಲಕ್ಕೆ ಮಾಡಿ ಕೂರಿಸಿದೆ. ಇಲ್ಲಿ ಎಣ್ಣೆ ಒತ್ತೋದು ಕೆಳಗಿನಿಂದ ಅನ್ನೋದು ನನ್ನ ಕೈಗೆ ಹೊಳೀಲೇ ಇಲ್ಲ. ಇಪ್ಪತ್ತು ವರ್ಷದ ರೂಢಿ, ತಲೆಗಿಂತ ಮುಂಚೆ ಕೈ ಓಡಿತು.

ದೀಪಾವಳಿ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ, ಈ ಸಲ ಯಾರನ್ನೂ ಕರೆಯದೆ, ಸ್ಟಾರ್ಟ್ ಮಾಡಿದೆ. ಡಿ ಅಕ್ಷರ. ಕಾರು ಬೆಣ್ಣೆಯಲ್ಲಿ ಜಾರಿದಂಗೆ ಗೇಟು ದಾಟಿತು. ಬಸ್ ಸ್ಟ್ಯಾಂಡು, ಕೋರ್ಟು, ಮಂಡಿ ಬೀದಿ ಎಲ್ಲ ಒಂದು ಸುತ್ತು. ಹಾರ್ನ್ ಹಿಡಿದ ಕೈ ಬಿಡಲಿಲ್ಲ. ಹಬ್ಬಕ್ಕೆ ಬಾಗಿಲು ತೊಳೀತಿದ್ದ ಹೆಂಗಸರು ಪೊರಕೆ ಹಿಡ್ಕೊಂಡೇ ನಿಂತು ನೋಡಿದರು. ನಾನು ಒಳಗೆ ಒಬ್ಬನೇ ಅಳ್ತಾ ಇದ್ದೆ. ಹೇಳಾಕೆ ನಾಚಿಕೆ ಏನು, ಅತ್ತೆ.

ಮನೆ ಮುಂದೆ ಬಂದಾಗ ಅಣ್ಣ ಹೊರಗೆ ಬಂದ. "ಭೇಷ್" ಅಂದ, ಮನಸ್ಸಿಂದಲೇ ಅಂದ. "ಎಲ್ಲಿ, ನಾನೊಂದು ಸಲ ನೋಡ್ತೀನಿ" ಅಂತ ಹತ್ತಿ ಕೂತ. ಹತ್ತು ಗಜ ಹೋಗಿ, ಗೇರು ಬದಲಿಸಾಕೆ ಅಂತ ರೂಢಿಯಂತೆ ಎಡಗಾಲಲ್ಲಿ ಕ್ಲಚ್ಚು ಒತ್ತಿದ. ಅಲ್ಲಿ ಕ್ಲಚ್ಚೆಲ್ಲಿ ಐತೆ? ಅಗಲವಾದ ಬ್ರೇಕು. ಕಾರು ಗಕ್ಕನೆ ನಿಂತು, ಅಣ್ಣನ ಹಣೆ ಗಾಜಿಗೆ ಬಡಿಯಿತು. ಮತ್ತೆ ಹೊರಟ, ಮತ್ತೆ ಒತ್ತಿದ, ಮತ್ತೆ ಬಡ್ಕೊಂಡ. "ಏನೋ ಇದು ದರಿದ್ರ" ಅಂತ ಹಣೆ ಉಜ್ಜಿಕೊಳ್ತಾ ಇಳಿದ. "ಎರಡು ಕಾಲಿರೋರಿಗೆ ಇದು ಒಗ್ಗಲ್ಲ ಕಣಣ್ಣ" ಅಂದೆ. ಜೀವನದಲ್ಲಿ ಅಷ್ಟು ಸುಖವಾಗಿ ನಾನು ಇನ್ನೊಂದು ಮಾತು ಆಡಿಲ್ಲ.

ಆ ಸುಖ ಹತ್ತು ನಿಮಿಷ ಉಳೀತು. ಕೊಟ್ಟಿಗೆ ಒಳಗೆ ಹಿಂದಕ್ಕೆ ಬಿಡಾಕೆ ಕಡ್ಡಿಯನ್ನ ಆರ್ ಅಕ್ಷರಕ್ಕೆ ತಂದೆ. ಇಲ್ಲ. ಎಷ್ಟು ಒತ್ತಿದರೂ ಇಲ್ಲ. ಮುಂದಕ್ಕೆ ಹಾಕಿದರೆ ಹೋಗ್ತೈತೆ, ಹಿಂದಕ್ಕೆ ಕಲ್ಲುಬಂಡೆ. ಅಣ್ಣ ಬೀದಿಯಲ್ಲಿದ್ದ ನಾಲ್ಕು ಜನರನ್ನ ಕರೆದ. "ನೀನು ಇಳೀಬೇಡ, ಕೂತ್ಕೋ, ನಾವೇ ದೂಡ್ತೀವಿ" ಅಂದ. ದೂಡಿದರು. ನಾನು ಸ್ಟೇರಿಂಗ್ ಹಿಡ್ಕೊಂಡು ಕೂತಿದ್ದೆ, ಐದು ಜನ ನನ್ನ ಮನೆಯೊಳಕ್ಕೆ ನನ್ನನ್ನೇ ದೂಡಿ ಬಿಟ್ಟರು.

ಹಿಂದಕ್ಕೆ ಹೋಗೋ ಗೇರಿನ ಪ್ಲೇಟು ಒತ್ತಬೇಕಾದ ಆ ದೊಡ್ಡ ಸೀಲಿನ ಬಾಯಿ ತಿರುಗಿ ಕೂತಿದೆ ಅಂತ ನನಗೆ ಹೊಳೆದದ್ದು ವಾರದ ಮೇಲೆ, ಒಂದು ಕೈಪಂಪಿಗೆ ವಾಷರ್ ಹಾಕ್ತಿದ್ದಾಗ. ಮತ್ತೆ ಬಿಚ್ಚಿ ಸರಿ ಮಾಡಬಹುದಿತ್ತು. ಬಿಚ್ಚಲಿಲ್ಲ. ಮುಂದಕ್ಕೆ ಓಡೋದನ್ನೂ ಬಿಚ್ಚಿ ಕಳ್ಕೊಂಡರೆ ಅಂತ ಹೆದರಿದೆ. ಇಷ್ಟೆಲ್ಲ ಬಾಯಿ ಮಾಡೋ ನಾನು ಅದೊಂದಕ್ಕೆ ಹೆದರಿದೆ, ಸುಳ್ಳು ಯಾಕೆ ಹೇಳಲಿ. ಅದರ ಬದಲು ಗೌಂಡಿಯನ್ನ ಕರೆಸಿ ಕೊಟ್ಟಿಗೆಯ ಹಿಂದಿನ ಗೋಡೆ ಒಡೆಸಿದೆ. ಹಿತ್ತಲ ಓಣಿಯಿಂದ ಒಳಗೆ, ಮುಂದಿನ ಬೀದಿಗೆ ಹೊರಗೆ. ಇನ್ನು ಯಾರೂ ದೂಡೋದು ಬೇಡ.

ಆಮೇಲೆ ಎಷ್ಟೋ ವರ್ಷ ಹಂಗೇ ಓಡಿಸಿದೆ. ಚನ್ನಗಿರಿಯಿಂದ ಹೊನ್ನಾಳಿ, ನ್ಯಾಮತಿ ತನಕ ಯಾವ ಊರಲ್ಲಿ ಎಲ್ಲಿ ಸುತ್ತು ಹಾಕಿ ತಿರುಗಿಸಬಹುದು ಅನ್ನೋದು ನನಗೆ ಬಾಯಿಪಾಠ. ಒಂದು ಊರಲ್ಲಿ ಕಾರು ತಿರುಗಾಕೆ ಇದ್ದದ್ದು ಗುಡಿಯ ಸುತ್ತಲಿನ ಜಾಗ ಒಂದೇ. ಬಂದಾಗಲೆಲ್ಲ ಗುಡಿಗೆ ಒಂದು ಸುತ್ತು ಹಾಕಿ ಹೋಗ್ತಿದ್ದೆ. ಆ ಊರ ಹಿರಿಯರು ನನ್ನ ಭಕ್ತಿ ನೋಡಿ ಪಂಕ್ತಿಯಲ್ಲಿ ಮೊದಲ ಎಲೆ ಹಾಕಿಸ್ತಿದ್ದರು. ನಾನೂ ಸುಮ್ಮನೆ ಉಣ್ತಿದ್ದೆ. ತಿರುಗಾಕೆ ಜಾಗ ಇಲ್ಲದ ಓಣಿಗಳಿಗೆ ಮಾತ್ರ ಹೋಗ್ತಿರಲಿಲ್ಲ, ಓಣಿ ಬಾಯಲ್ಲೇ ಕಾರು ನಿಲ್ಲಿಸಿ ಕೋಲೂರಿ ನಡೀತಿದ್ದೆ. ದೂಡ್ರಪ್ಪ ಅನ್ನೋ ಮಾತು ನನ್ನ ಬಾಯಿಂದ ಬರಬಾರದು, ಅದೊಂದೇ ಹಟ.

ಎಂಬತ್ತರ ದಶಕದ ನಡುವೆ ಒಂದು ಸುಗ್ಗಿ ಕಾಲ. ಗೋವಿನಕೋವಿಯಲ್ಲಿ ಒಂದು ಮೋಟಾರ್ ನೋಡಿ ವಾಪಸ್ ಬರ್ತಿದ್ದೆ. ದೊಡ್ಡ ದಾರಿಯಲ್ಲಿ ಮೋರಿ ಅಗೆದಿದ್ದರು, ಬೇರೆ ಗತಿ ಇಲ್ಲದೆ ಎರಡು ಗೋಡೆ ನಡುವಿನ ಓಣಿಗೆ ನುಗ್ಗಿಸಿದೆ. ಅರ್ಧ ದಾರಿಗೆ ಎದುರಿಂದ ಹುಲ್ಲಿನ ಗಾಡಿ ಬಂತು. ಮನೆ ಎತ್ತರ ಹುಲ್ಲು, ಅದರ ಮುಂದೆ ಎರಡು ಎತ್ತು, ಮೂಕಿ ಮೇಲೆ ನನ್ನ ವಯಸ್ಸಿನವನೇ ಒಬ್ಬ. ಗಾಡಿ ಹಿಂದಕ್ಕೆ ಹೋಗೋ ಮಾತೇ ಇಲ್ಲ.

"ಹಿಂದಕ್ಕೆ ತಗಾ" ಅಂದ.

"ಆಗಲ್ಲ."

"ಯಾಕಾಗಲ್ಲ?"

"ಇದು ಹಿಂದಕ್ಕೆ ಹೋಗಲ್ಲ."

ಅವನು ಮೂಕಿಯಿಂದ ಕೆಳಗೆ ಹಾರಿ ಬಂದು ನನ್ನ ಕಿಟಕಿಗೆ ಬಗ್ಗಿದ. "ಹೋಗಲ್ವಂತೆ! ಓಣಿ ಏನು ನಿಮ್ಮಪ್ಪ ಬರೆದುಕೊಟ್ಟು ಹೋಗ್ಯಾನೇನಲೇ? ನನ್ನ ಎತ್ತು ಬೆಳಿಗ್ಗೆಯಿಂದ ನೀರು ಕಂಡಿಲ್ಲ. ನೀನು ಮದುಮಗನಂಗೆ ಒಳಗೆ ಕೂತ್ಕೊಂಡು ಆಗಲ್ಲ ಅಂತೀಯಾ? ಗುಂಡ್ಕಲ್ಲಿನಂಗೆ ಇದೀಯ, ಇಳಿದು ದೂಡಾಕೆ ಏನು ಧಾಡಿ ನಿಂಗೆ? ಮೈಗಳ್ಳ ನನ್ಮಗನೆ!"

ಮೈಗಳ್ಳ! ಶಾಲೆಯಲ್ಲಿ ಮೇಷ್ಟ್ರು ಲೆಕ್ಕ ತಪ್ಪಿದೋರನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾರಿಸ್ತಾ ಬಂದು, ನನ್ನ ಹತ್ತಿರ ಬಂದಾಗ ಬೆತ್ತ ಇಳಿಸಿ ಮುಂದಕ್ಕೆ ಹೋಗ್ತಿದ್ದರು. ನಲವತ್ತು ವರ್ಷಕ್ಕೆ ಹತ್ತಿರ ಬಂದಿದ್ದೆ, ಒಬ್ಬ ಮನುಷ್ಯ ನನ್ನನ್ನ ಇನ್ನೊಬ್ಬ ಮನುಷ್ಯನಿಗೆ ಬೈದಂಗೆ ಬೈದಿದ್ದು ಅದೇ ಮೊದಲು. ಕಿಟಕಿಯಲ್ಲಿ ಅವನಿಗೆ ಕಂಡದ್ದು ನನ್ನ ಭುಜ, ನನ್ನ ಕೈ, ಸ್ಟೇರಿಂಗ್ ಅಷ್ಟೇ. ನಾನೂ ಬಿಡಲಿಲ್ಲ. ಅವನ ಗಾಡಿ, ಅವನ ಹುಲ್ಲು, ಅವನ ವಂಶ, ಎಲ್ಲವನ್ನೂ ಜಾಲಾಡಿದೆ. ಅವನೂ ಸಮಕ್ಕೆ ಸಮ ಕೊಟ್ಟ. ಎಂಥಾ ಸೊಗಸಾದ ಜಗಳ ಅಂತೀರಿ. ಮುಗೀಬಾರದು ಅನ್ನಿಸ್ತಿತ್ತು.

ಕೊನೆಗೆ ಅವನು, "ಗಂಡಸಾದ್ರೆ ಇಳಿಯೋ ಕೆಳಗೆ" ಅಂದ.

ಕಡ್ಡಿಯನ್ನ ನ್ಯೂಟ್ರಲ್ಲಿಗೆ ತಂದು ಬಾಗಿಲು ತೆಗೆದೆ. ಮೊದಲು ಕೋಲು ಇಳೀತು, ಆಮೇಲೆ ಬಲಗಾಲು, ಆಮೇಲೆ ಪಂಚೆಯೊಳಗೆ ಜೋತಾಡ್ತಿದ್ದ ಎಡಗಾಲನ್ನ ಕೈಯಲ್ಲಿ ಎತ್ತಿ ಇಳಿಸಿದೆ. ಅವನ ಮುಖದ ಬಣ್ಣವೇ ಹೋಯ್ತು. "ಅಯ್ಯೋ ಶಿವನೇ... ಸಾವ್ಕಾರ್ರೇ, ನಂಗೆ ಗೊತ್ತಿರಲಿಲ್ಲ. ತಪ್ಪಾತು ರೀ. ನೀವು ಕೂತ್ಕಳ್ರಿ, ನೀವ್ಯಾಕೆ ಇಳಿಯಾಕೆ ಹೋದ್ರಿ, ನಾನು ಯಾರನ್ನಾದ್ರೂ ಕರ್ಕಂಬಂದು..." ಅಂತ ನನ್ನ ಕಂಕುಳಿಗೆ ಕೈ ಹಾಕಾಕೆ ಬಂದ.

"ಮುಟ್ಟಿದ್ರೆ ನೋಡು" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸ್ತು. "ಬೈದಿದ್ದು ಬೈದಂಗೇ ಇರ್ಲಿ. ಅದ್ರಲ್ಲಿ ಒಂದು ಮಾತೂ ವಾಪಸ್ ತಗೋಬೇಡ. ಬಾ, ಭುಜ ಹಚ್ಚು. ಇಬ್ರೂ ದೂಡೋಣ."

ಅವನು ಕೈ ಹಿಂದಕ್ಕೆ ತಗೊಂಡ. ನನ್ನ ಕಾಲು ನೋಡಿದ, ಮುಖ ನೋಡಿದ. ಬಾಯಲ್ಲಿದ್ದ ಎಲೆಅಡಿಕೆಯನ್ನ ಗೋಡೆ ಬುಡಕ್ಕೆ ಉಗಿದ. ಬಾನೆಟ್ಟಿಗೆ ಒಂದು ಭುಜ ಕೊಟ್ಟು ನಿಂತು, ತಿರುಗಿ ನೋಡಿ ಗದರಿದ:

"ಮತ್ತೆ ಆ ಕೋಲು ಹಿಡ್ಕೊಂಡು ಏನು ನೋಡ್ತಾ ನಿಂತಿದೀಯಲೇ? ಬಿಸಾಕು ಅತ್ಲಾಗೆ. ಎರಡೂ ಕೈ ಹಚ್ಚು."

ಹಚ್ಚಿದೆ.